ಗಣಿಯ ಬಾಯಿಗೆ ದೀಪವಿಡದ ಊರು

ಎಣ್ಣೆ ತೀರಿ ತಾನಾಗಿ ಶಾಂತವಾದ ದೀಪಕ್ಕೆ ಒಂದು ವಾಸನೆ, ಬಾಯಿಂದ ಊದಿ ಆರಿಸಿದ ದೀಪಕ್ಕೆ ಇನ್ನೊಂದು. ಮೊದಲನೆಯದು ನಮ್ಮಂಥವರ ಮನೆಗಳಲ್ಲಿ ದಿನವೂ ಇರುವುದೇ. ತೆಳ್ಳಗೆ, ಯಾರ ಗಮನಕ್ಕೂ ಬಾರದೆ ಹೋಗಿಬಿಡುತ್ತದೆ. ಎರಡನೆಯದರಲ್ಲಿ ಬತ್ತಿಯ ತುದಿಯಿಂದ ದಪ್ಪನೆ ಬಿಳಿ ಹೊಗೆ ಎದ್ದು ಮೂಗಿಗೆ ಅಡರುತ್ತದೆ. ಕಳೆದ ದಸರಾದಲ್ಲಿ, ಅಟ್ಲಾಂಟಾ ಬಳಿಯ ಜಾನ್ಸ್ ಕ್ರೀಕಿನ ನಮ್ಮ ಮನೆಗೆ ಗೊಂಬೆ ನೋಡಲು ಬಂದ ಪುಟಾಣಿಯೊಂದು, ಪಟ್ಟದ ಗೊಂಬೆಗಳ ಮುಂದಿದ್ದ ದೀಪವನ್ನು ಬರ್ತ್‌ಡೇ ಕೇಕಿನ ಅಭ್ಯಾಸಬಲದಿಂದ ಉಫ್ ಎಂದು ಊದಿಬಿಟ್ಟಿತು.

ಅದರ ತಾಯಿಯ ಮುಖ ಸಣ್ಣದಾಯಿತು. “ಅಯ್ಯೋ, ಸಾರಿ ಆಂಟಿ! ಪ್ರಿಶಾ, ಏನ್ ಮಾಡ್ದೆ ನೀನು? ಸಾರಿ ಹೇಳು ಆಂಟಿಗೆ.”

“ಇರ್ಲಿ ಬಿಡಮ್ಮ, ಮಗು ಅದು,” ಎಂದೆ. ಬೇರೆ ಯಾವಾಗಲಾದರೂ ಆಗಿದ್ದರೆ ನಾನೂ ಒಳಗೊಳಗೇ ಬಿಡ್ತು ಅನ್ನುತ್ತಿದ್ದೆನೇನೋ. ಆದರೆ ಆ ಹೊಗೆ ಮೂಗಿಗೆ ಬಂದದ್ದೇ ತಡ, ನಾನು ಎರಡು ಸಾವಿರದ ಇಪ್ಪತ್ತನೇ ಇಸವಿಯ ಒಂದು ಗ್ಯಾರೇಜಿನಲ್ಲಿ ನಿಂತಿದ್ದೆ. ಎದುರಿಗೆ ನೀಲಿ ಹ್ಯಾಟಿನ ಒಬ್ಬ ಹಿರಿಯ ಹೆಂಗಸು ಮಾಸ್ಕನ್ನು ಗಲ್ಲಕ್ಕೆ ಎಳೆದುಕೊಂಡು, ನಾನು ಹಚ್ಚಿಟ್ಟ ದೀಪವನ್ನು ಊದುತ್ತಿದ್ದರು.

ಆ ವರ್ಷದ ಫೆಬ್ರವರಿಯಲ್ಲಿ ನಾವು ಮಾರಿಸ್‌ವಿಲ್ಲಿನ ಬಾಡಿಗೆ ಮನೆ ಬಿಟ್ಟು, ನಾರ್ತ್ ಕೆರೊಲಿನಾದಲ್ಲೇ ಇನ್ನಷ್ಟು ಒಳಗಿರುವ ಕಮ್‌ನಾಕ್ ಎಂಬಲ್ಲಿನ ಹೊಸ ಬಡಾವಣೆಗೆ, ಇಲ್ಲಿಯವರ ಮಾತಿನಲ್ಲಿ ಸಬ್‌ಡಿವಿಷನ್ನಿಗೆ, ಬಂದಿದ್ದೆವು. ಊರು ಎನ್ನಲು ಅಲ್ಲಿ ಏನೂ ಇರಲಿಲ್ಲ. ಡೀಪ್ ರಿವರ್ ಎಂಬ ಹೊಳೆ, ಒಂದು ರೈಲು ಹಳಿ, ಪೈನ್ ಮರಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಅದರ ಮಧ್ಯೆ ಸಂಕ್ರಾಂತಿಯ ಸಕ್ಕರೆ ಅಚ್ಚಿನಂತೆ ಒಂದೇ ತರಹ ಒತ್ತಿ ತೆಗೆದ ನಮ್ಮ ಮನೆಗಳ ಸಾಲು. “ಆಫೀಸು ಸ್ವಲ್ಪ ದೂರ ಆಗತ್ತೆ, ಡ್ರೈವ್ ಮಾಡ್ತೀನಿ ಬಿಡು,” ಎಂದಿದ್ದರು ನಮ್ಮ ಯಜಮಾನರು ರಘು. ನೆಟ್ಟಗೆ ಒಂದು ತಿಂಗಳೂ ಡ್ರೈವ್ ಮಾಡಲಿಲ್ಲ. ಮಾರ್ಚಿನಲ್ಲಿ ಎಲ್ಲ ಮುಚ್ಚಿತು. ಅವರು ಊಟದ ಮೇಜಿನ ಮೇಲೆ ಆಫೀಸು ಹೂಡಿದರು, ಹೈಸ್ಕೂಲಿನ ಮಗಳು ನಿಧಿ ಮಹಡಿಯಲ್ಲಿ ಕ್ಲಾಸು ಕೇಳುತ್ತಿದ್ದಳು. ಯಾವ ಕೋಣೆಯಲ್ಲಿ ಕಾಲಿಟ್ಟರೂ ಯಾರಾದರೂ “ಶ್! ಮೀಟಿಂಗು,” ಎನ್ನುವವರೇ. ನನಗೆ ಉಳಿದದ್ದು ಹಿತ್ತಿಲು.

ಮೆಂತ್ಯ, ಹರಿವೆ, ನಾಲ್ಕು ಬದನೆ ಗಿಡ ಹಾಕೋಣವೆಂದು ಅಗೆಯತೊಡಗಿದೆ. ಮೇಲೆ ಕೆಂಪು ಜೇಡಿಮಣ್ಣು. ಗೇಣುದ್ದ ಇಳಿದರೆ ಕಪ್ಪು. ಹಳಕು ಹಳಕಾಗಿ ಒಡೆಯುವ, ಬಿಸಿಲಿಗೆ ಹಿಡಿದರೆ ಮಿನುಗುವ ಕಪ್ಪು ಚೂರುಗಳು.

“ರಸ್ತೆಗೆ ಹಾಕಿದ ಡಾಂಬರು ಉಳಿದಿದ್ದನ್ನ ಇಲ್ಲೇ ಹೂತಿದ್ದಾರೆ. ಬಿಲ್ಡರ್‌ಗೆ ಇಮೇಲ್ ಮಾಡ್ತೀನಿ,” ಎಂದರು ರಘು.

ನನಗೆ ಹಾಗನ್ನಿಸಲಿಲ್ಲ. ನಾನು ಹುಟ್ಟಿ ಬೆಳೆದದ್ದು ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್‌ನಲ್ಲಿ. ಅಜ್ಜ ಚಿನ್ನದ ಗಣಿಯೊಳಕ್ಕೆ ಇಳಿದವರು, ಅಪ್ಪ ಮೇಲೆ ಟೈಮ್ ಆಫೀಸಿನಲ್ಲಿದ್ದವರು. ನೆಲದ ಹೊಟ್ಟೆಯೊಳಗಿನದನ್ನು ಹೊರಗೆ ತಂದು ಸುರಿದ ಜಾಗ ಹೇಗಿರುತ್ತದೆಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಕಾರಣವಿಲ್ಲದ ಕಡೆ ದಿಬ್ಬ, ಕಾರಣವಿಲ್ಲದ ಕಡೆ ತಗ್ಗು, ಸೊಟ್ಟಗೆ ಬೆಳೆದ ಮರ. ಹೊಳೆಯ ಕಡೆ ವಾಕಿಂಗ್ ಹೋದಾಗಲೆಲ್ಲ ನನಗೆ ಏನೋ ಪರಿಚಯದ ಗುರುತು ಸಿಕ್ಕಿದ ಹಾಗೆ ಆಗುತ್ತಿತ್ತು.

“ಅದು ಕಲ್ಲಿದ್ದಲು, ಹನಿ,” ಎಂದಿತು ಬೇಲಿಯಾಚೆಯಿಂದ ಒಂದು ದನಿ.

ಹಾಗೆ ಪರಿಚಯವಾದವರು ಮಿಸ್ ಲೊರೇನ್. ನಮ್ಮ ಹಿತ್ತಿಲಿಗೆ ತಾಗಿದಂತೆ ಒಂದು ಮಣ್ಣಿನ ಓಣಿ, ಓಣಿಯಾಚೆಗೆ ಅವರ ಬಿಳಿ ಮರದ ಮನೆ. ಆ ಓಣಿಯಲ್ಲಿ ಉಳಿದಿದ್ದ ಹಳೆಯ ಮನೆ ಅದೊಂದೇ. ಮೂರನೇ ಕ್ಲಾಸಿನ ಟೀಚರಾಗಿದ್ದು ರಿಟೈರಾದವರು. ಎಪ್ಪತ್ತು ದಾಟಿದ ಕಪ್ಪು ಅಮೆರಿಕನ್ ಹೆಂಗಸು. ಅವರ ಇಂಗ್ಲಿಷನ್ನು ನಾನು ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಆ ಎಳೆತ ನನ್ನ ಲೇಖನಿಗೆ ಬರುವುದಿಲ್ಲ. ಆ ಸೀಮೆಯಲ್ಲಿ ಮದುವೆಯಾಗಿರಲಿ ಬಿಡಲಿ, ಹೆಸರಿಗೆ ಮೊದಲು ಮಿಸ್ ಹಚ್ಚುವುದು ಮರ್ಯಾದೆ, ನಾವು ಹೆಸರಿನ ಕೊನೆಗೆ ಅಮ್ಮ ಹಚ್ಚಿದ ಹಾಗೆ. ನಾನು ಅವರಿಗೆ ಮಿಸ್ ಲೊರೇನ್, ಅವರು ನನಗೆ ಮಿಸ್ ವಸಂತಾ.

ಏಪ್ರಿಲ್, ಮೇ ತಿಂಗಳೆಲ್ಲ ಅವರ ಪೋರ್ಚಿನಲ್ಲಿ ಅವರು, ಕೆಳಗೆ ಹುಲ್ಲಿನ ಮೇಲೆ ನನ್ನ ಮಡಚುವ ಕುರ್ಚಿಯಲ್ಲಿ ನಾನು. ಆರಡಿ ದೂರ ಎಂಬ ನಿಯಮ. ನಾನು ಹರಿವೆ ಕೊಟ್ಟರೆ ಅವರು ಅಗಲ ಎಲೆಯ ಕಾಲರ್ಡ್ ಸೊಪ್ಪು ಕೊಡುತ್ತಿದ್ದರು, ಪೋರ್ಚಿನ ಕಟ್ಟೆಯ ಮೇಲಿಟ್ಟು ಹಿಂದೆ ಸರಿದು. ಆ ಸೊಪ್ಪಿನಲ್ಲಿ ನಾನು ಬಸ್ಸಾರು ಮಾಡಿದೆ. ಬೇಯಿಸಿ ಬಸಿದ ನೀರನ್ನೇ ಸಾರಿಗೆ ಬಳಸುತ್ತೇವೆ ಎಂದಾಗ ಮಿಸ್ ಲೊರೇನ್ ತೊಡೆ ತಟ್ಟಿಕೊಂಡರು.

“ಸೊಪ್ಪಿನ ನೀರು ಚೆಲ್ಲೋದಿಲ್ವಾ ನೀವು? ಸದ್ಯ! ನಾವು ಅದನ್ನ ಜೋಳದ ರೊಟ್ಟಿ ಅದ್ದಿಕೊಂಡು ಕುಡಿಯೋರು. ಚೆಲ್ಲೋ ಜನದ ಜೊತೆ ನನಗೆ ಮಾತೇ ಬೇಡ.”

ಊರಿನ ಹೆಸರಿನ ಕತೆ ನನಗೆ ಗೊತ್ತಾದದ್ದು ಆ ಜೋಳದ ಮಾತಿನಿಂದಲೇ. ಕಮ್‌ನಾಕ್ ಎಂಬುದು ಈ ಊರಿನ ಮೊದಲ ಹೆಸರಲ್ಲವಂತೆ. ಅದಕ್ಕೂ ಹಿಂದೆ ಇದು ಈಜಿಪ್ಟ್.

“ಈಜಿಪ್ಟಾ? ಪಿರಮಿಡ್ಡಿನ ಈಜಿಪ್ಟ್?”

“ಅದೇ. ಸುತ್ತಮುತ್ತ ಮಳೆ ಹೋಗಿ ಬೆಳೆ ಒಣಗಿದ ಒಂದು ವರ್ಷ, ಈ ಹೊಳೆ ತಿರುವಿನ ತೋಟದಲ್ಲಿ ಮಾತ್ರ ಜೋಳ ಬಂದಿತ್ತಂತೆ. ಬೈಬಲಿನಲ್ಲಿ ಯಾಕೋಬನ ಮಕ್ಕಳು ಬರ ಬಂದಾಗ ದವಸ ಕೊಳ್ಳೋಕೆ ಈಜಿಪ್ಟಿಗೆ ಹೋಗ್ತಾರಲ್ಲ? ಹಾಗೆ ಇಲ್ಲಿಗೆ ಗಾಡಿ ಕಟ್ಟಿಕೊಂಡು ಬರೋರು, ‘ಈಜಿಪ್ಟಿಗೆ ಹೊರಟೆ’ ಅಂತಿದ್ರಂತೆ. ಹೆಸರು ನಿಂತುಬಿಡ್ತು.” ಹೊಳೆಯ ಕಡೆ ತಿರುಗಿ ಮುಂದುವರಿಸಿದರು. “ಚಂದದ ಕತೆ. ಮೂರನೇ ಕ್ಲಾಸಿನ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೀನೋ. ಆ ಜೋಳ ಬಿತ್ತಿ ಕುಯ್ದೋರು ಯಾರು ಅಂತ ಒಂದು ವರ್ಷ ಒಬ್ಬಳು ಹುಡುಗಿ ಕೇಳಿದಳು. ನಮ್ಮೋರೇ, ಗುಲಾಮರು, ಅಂದೆ ನಾನು. ಬೈಬಲಿನ ಈಜಿಪ್ಟಿನಲ್ಲೂ ದುಡಿದೋರು ಗುಲಾಮರೇ ಅಲ್ವಾ ಅಂದಳು. ಅವಳಿಗೆ ಆ ವರ್ಷ ಎ ಕೊಟ್ಟೆ.”

ಆಮೇಲೆ ಗಣಿ ಬಂತು. ಗಣಿಯ ಜೊತೆಗೆ ಅವಘಡಗಳೂ ಬಂದವು. ಮುಂದೆ ಯಾವ ಕಾಲದಲ್ಲೋ ಗಣಿಯವರು ಸ್ಕಾಟ್ಲೆಂಡಿನ ಒಂದು ಕಲ್ಲಿದ್ದಲಿನ ಊರಿನ ಹೆಸರು ತಂದು ಕಮ್‌ನಾಕ್ ಎಂದಿಟ್ಟರು. ಈಜಿಪ್ಟ್ ಎಂದರೆ ಜನ ಹೆದರುತ್ತಿದ್ದರು, ಅದಕ್ಕೇ ಬದಲಾಯಿಸಿದರು ಎಂಬುದು ಮಿಸ್ ಲೊರೇನ್ ಹಿರಿಯರಿಂದ ಕೇಳಿದ್ದು.

ನಾನು ನಮ್ಮ ಕಡೆಯದು ಹೇಳಿದೆ. ಚಾಂಪಿಯನ್ ರೀಫ್ಸ್, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ. ನೆಲ ನಮ್ಮದು, ಬೋರ್ಡಿನ ಮೇಲೆ ದೊರೆಗಳ ಹೆಸರು. “ಕೆಳಗೆ ಬಂಡೆ ಸಿಡಿದರೆ ನಮ್ಮಮ್ಮನ ಅಡುಗೆ ಮನೆಯಲ್ಲಿ ಲೋಟ ತಟ್ಟೆ ಗಲಗಲ ಅನ್ನುತ್ತಿತ್ತು. ಅಮ್ಮ ಒಲೆ ಆರಿಸಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು, ಬೀದಿಯ ಎಲ್ಲ ಹೆಂಗಸರೂ ಹಾಗೇ.”

“ನಮ್ಮ ಅಜ್ಜಿ ಪೋರ್ಚಿಗೆ ಬರ್ತಿದ್ದಳಂತೆ,” ಎಂದರು ಮಿಸ್ ಲೊರೇನ್.

ಅವರ ಮನೆಯಿದ್ದ ಓಣಿಗೆ ಲ್ಯಾಂಪ್‌ಹೌಸ್ ಲೇನ್ ಎಂದು ಹೆಸರು. ಹೆಸರು ಎಂದರೆ ಜನರ ಬಾಯಲ್ಲಿದ್ದದ್ದು ಅಷ್ಟೇ; ನಕ್ಷೆಯಲ್ಲಿ ಅದು ಬರೀ ಒಂದು ಗೆರೆ. ಗಣಿಗಿಳಿಯುವವರಿಗೆ ದೀಪ ಕೊಡುತ್ತಿದ್ದ ದೀಪದ ಮನೆ ಓಣಿಯ ಈ ತುದಿಯಲ್ಲಿತ್ತಂತೆ, ಗಣಿಯ ಬಾಯಿ ಆ ತುದಿಯಲ್ಲಿ. ಅವರ ಅಜ್ಜಿ ಆ ದೀಪದ ಮನೆಯಲ್ಲಿ ದೀಪದ ಗಾಜು ಒರೆಸುವ ಕೆಲಸಕ್ಕಿದ್ದಳು. ಒಲೆಯ ಬೂದಿಯಲ್ಲಿ ತಿಕ್ಕಿ, ಹಳೆಯ ಹತ್ತಿ ಬಟ್ಟೆಯಲ್ಲಿ ಒರೆಸಿ. ನಮ್ಮಜ್ಜಿ ಲಾಟೀನಿನ ಗಾಜನ್ನು ಒರೆಸುತ್ತಿದ್ದದ್ದೂ ಹೀಗೇ ಎಂದೆ. ಅಜ್ಜನ ವಿಷಯ ಕೇಳಿದಾಗ ಮಾತ್ರ, “ಅವನು ಒಳಗೆ ಕೆಲಸ ಮಾಡ್ತಿದ್ದ,” ಎಂದಷ್ಟೇ ಹೇಳಿ ಸೊಪ್ಪು ಸೋಸತೊಡಗಿದರು.

ಜುಲೈ ತಿಂಗಳ ಸೆಕೆ ಎಂದರೆ ಒದ್ದೆ ಕಂಬಳಿ ಹೊದ್ದ ಹಾಗೆ. ಬದನೆಕಾಯಿ ಬಿಟ್ಟವು, ನಿಧಿ ಡ್ರೈವಿಂಗ್ ಕಲಿತಳು. ಬೇಲಿಗೆ ಹಬ್ಬಿಸಿದ ಹೀರೆ ಬಳ್ಳಿ ಓಣಿಗೆ ಇಳಿಯಿತು. ಆಗಸ್ಟಿನಲ್ಲಿ ಸುದ್ದಿ ಬಂತು: ಬಿಲ್ಡರು ಎರಡನೇ ಹಂತದ ಮನೆ ಕಟ್ಟುತ್ತಾನೆ, ಓಣಿಯನ್ನು ಅಗಲ ಮಾಡಿ ಟಾರು ಹಾಕಿಸುತ್ತಾನೆ, ಅದಕ್ಕೊಂದು ಅಧಿಕೃತ ಹೆಸರು ಬೇಕು. ಹೆಸರನ್ನು ನಮ್ಮ ಮನೆಗಳ ಅಸೋಸಿಯೇಷನ್ನೇ ಸೂಚಿಸಲಿ ಎಂದಿದ್ದ.

ಅಸೋಸಿಯೇಷನ್ನಿನ ಪ್ರೆಸಿಡೆಂಟ್ ನಮ್ಮವರೇ, ಮೈಸೂರಿನ ಪ್ರಸನ್ನ. ಒಳ್ಳೆಯ ಮನುಷ್ಯ. ಆ ದಿನಗಳಲ್ಲಿ ಯಾರಿಗೆ ಕೆಮ್ಮು ಬಂದರೂ ಬಾಗಿಲಿಗೆ ಸೂಪು, ಹಣ್ಣು ಇಟ್ಟು ಹೋದವರು ಅವರೂ ಅವರ ಹೆಂಡತಿ ಸುಮಾನೂ. ಆದರೆ ಅವರ ಮನೆ ಸರಿಯಾಗಿ ಆ ಓಣಿಯ ಮೂಲೆಯಲ್ಲಿತ್ತು; ಹೆಸರು ಬದಲಾದರೆ ಅವರ ವಿಳಾಸವೂ ಅದೇ ಆಗುತ್ತಿತ್ತು. ಆಟಮ್ ಬ್ರೂಕ್ ವೇ ಎಂಬುದು ಅವರ ಆಯ್ಕೆ.

“ಇಲ್ಲಿ ಬ್ರೂಕ್ ಎಲ್ಲಿದೆ ಪ್ರಸನ್ನ?” ಎಂದೆ, ಅವರು ನಾಯಿ ವಾಕಿಂಗ್ ಮಾಡಿಸುತ್ತಾ ಸಿಕ್ಕಾಗ.

“ಮಳೆ ಬಂದ್ರೆ ನಮ್ಮ ಡ್ರೈವ್‌ವೇನಲ್ಲೇ ಹರಿಯತ್ತೆ ಬನ್ನಿ, ತೋರಿಸ್ತೀನಿ. ನೋಡಿ ವಸಂತಾ ಅವರೇ, ಲ್ಯಾಂಪ್‌ಹೌಸ್ ಅಂದ್ರೆ ಏನೋ ಲೈಟ್ ಬಲ್ಬ್ ಮಾರೋ ಅಂಗಡಿ ಥರ ಇದೆ. ನಾಳೆ ಸೇಲ್ ಮಾಡೋವಾಗ ಕಷ್ಟ. ಮೈನಿಂಗ್ ಅಂತ ಗೂಗಲ್ ಮಾಡಿದ್ರಂತೂ ಮುಗೀತು.”

“ಮಿಸ್ ಲೊರೇನ್ ಅವರ ಮನೆ ಇರೋದು ಆ ಓಣೀಲಿ.”

“ಆಂಟಿ ಮನೆ ಎಲ್ಲೂ ಹೋಗಲ್ವಲ್ಲ. ಅಡ್ರೆಸ್ ಒಂದು ಚೇಂಜ್ ಆಗತ್ತೆ, ಅಷ್ಟೇ.”

ಅಷ್ಟೇ ಎಂಬುದನ್ನು ನಾನು ಮಿಸ್ ಲೊರೇನ್‌ಗೆ ಹೇಳಲಿಲ್ಲ. ಅವರಿಗೆ ಹೇಗೋ ಗೊತ್ತಾಗಿತ್ತು. ಅವರು ನಮ್ಮ ಅಸೋಸಿಯೇಷನ್ನಿನ ಸದಸ್ಯರಲ್ಲ. ಅವರ ಮನೆ ನಮ್ಮ ಮನೆಗಳಿಗಿಂತ ಅದೆಷ್ಟೋ ಹಳೆಯದು. ಮೀಟಿಂಗಿನಲ್ಲಿ ಅವರಿಗೆ ಮಾತಿಲ್ಲ. ಒಂದು ಬೆಳಿಗ್ಗೆ ಮೊದಲ ಸಲ ಅವರೇ ನಮ್ಮ ಬೇಲಿಯ ಹತ್ತಿರ ಬಂದು ನಿಂತರು.

“ನಾನು ಯಾರ ಹತ್ತಿರವೂ ಏನೂ ಕೇಳೋಳಲ್ಲ, ಮಿಸ್ ವಸಂತಾ. ಈಗ ಕೇಳ್ತಿದ್ದೀನಿ. ಈಜಿಪ್ಟ್ ಅಂತ ಹೆಸರಿಟ್ಟೋರು ಜೋಳ ಕೊಳ್ಳೋಕೆ ಬಂದೋರು. ಕಮ್‌ನಾಕ್ ಅಂತ ಇಟ್ಟೋರು ಗಣಿಯ ಯಜಮಾನರು. ಲ್ಯಾಂಪ್‌ಹೌಸ್ ಲೇನ್ ಒಂದೇ, ಆ ದಾರಿಯಲ್ಲಿ ದಿನಾ ನಡೆದೋರು ಇಟ್ಟ ಹೆಸರು. ದೀಪದ ಮನೆ ಹೋಯ್ತು, ಗಣಿಗೆ ಮಣ್ಣು ತುಂಬಿದರು, ಮನೆಗಳೂ ಹೋದವು. ನಮ್ಮೋರು ಇಲ್ಲಿದ್ದರು ಅನ್ನೋದಕ್ಕೆ ಉಳಿದಿರೋದು ಅದೊಂದೇ. ನೀನು ಮಾತಾಡ್ತೀಯಾ?”

ಮಾತಾಡಿದೆ. ವಿಡಿಯೊ ಮೀಟಿಂಗಿನಲ್ಲಿ ನನ್ನ ಸರದಿ ಬಂದಾಗ ಕೆ.ಜಿ.ಎಫ್.ನಿಂದ ಶುರುಮಾಡಿ, ಸ್ಕಾಟ್ಲೆಂಡ್ ದಾಟಿ, ಬೂದಿಯಲ್ಲಿ ತಿಕ್ಕುವ ಗಾಜಿನವರೆಗೂ ಬಂದಿದ್ದೆ, ನಿಧಿ ಮಹಡಿಯಿಂದ ಓಡಿಬಂದು, “ಅಮ್ಮ! ಯು ಆರ್ ಆನ್ ಮ್ಯೂಟ್!” ಎಂದಳು. ಮತ್ತೆ ಮೊದಲಿನಿಂದ ಹೇಳುವಾಗ ಮೊದಲಿನ ಕಾವು ಇರಲಿಲ್ಲ. ಒಬ್ಬರು ಗುಬ್ಬಚ್ಚಿಯ ಹೆಸರಿಡೋಣ ಎಂದರು, ಇನ್ನೊಬ್ಬರ ನಾಯಿ ಬೊಗಳಿತು. ತೀರ್ಮಾನ ಅಕ್ಟೋಬರ್ ಕೊನೆಗೆ ಹೋಯಿತು. ಗೋಡೆಯ ಮೇಲಿನ ಬರಹದ ಹಾಗೆ ನನಗೆ ಕಾಣುತ್ತಿತ್ತು, ಆಟಮ್ ಬ್ರೂಕ್ ಗೆಲ್ಲುತ್ತದೆ.

ಅಷ್ಟರಲ್ಲಿ ದಸರಾ ಬಂತು. ಮನೆಯೊಳಗೆ ಯಾರನ್ನೂ ಕರೆಯುವಂತಿಲ್ಲ. ಗೊಂಬೆ ಕೂರಿಸಿ ಯಾರಿಗೂ ತೋರಿಸದಿದ್ದರೆ ಕೂರಿಸಿದ ಹಾಗೂ ಅಲ್ಲ. “ಗ್ಯಾರೇಜಲ್ಲಿ ಇಡು, ಶಟರ್ ಎತ್ತಿಬಿಡೋಣ,” ಎಂದರು ರಘು. ಕಾರು ಹೊರಗೆ ಹೋಯಿತು. ರಟ್ಟಿನ ಡಬ್ಬಗಳ ಮೇಲೆ ಹಲಗೆ, ಹಲಗೆಯ ಮೇಲೆ ಬಿಳಿ ಬೆಡ್‌ಶೀಟು. ಹೀಗೆ ಮೆಟ್ಟಿಲಾದವು. ಮೇಲೆ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳು, ಅದರ ಕೆಳಗೆ ದಶಾವತಾರ, ಮದುವೆ ದಿಬ್ಬಣ, ಶೆಟ್ಟಿ ಅಂಗಡಿ. ನೆಲದ ಮೇಲೆ, ಪ್ರತಿ ವರ್ಷ ಗೊಂಬೆಗಳ ಪಾರ್ಕು ಮಾಡುವ ಕಡೆ, ಈ ಸಲ ಬೇರೇನೋ ಮಾಡೋಣ ಎಂದು ನಿಧಿಗೆ ಹೇಳಿದೆ.

ಕೆ.ಜಿ.ಎಫ್.ನ ನಮ್ಮ ಮನೆಯಲ್ಲಿ ಅಪ್ಪ ಪ್ರತಿ ವರ್ಷವೂ ಗೊಂಬೆಯ ಮುಂದೆ ಗಣಿ ಮಾಡುತ್ತಿದ್ದರು. ನಾನೂ ನಿಧಿಯೂ ಈಜಿಪ್ಟ್ ಮಾಡಿದೆವು. ನೀಲಿ ಸೀರೆಯ ತುಂಡು ಹೊಳೆ. ಐಸ್‌ಕ್ರೀಮ್ ಕಡ್ಡಿಯ ರೈಲು ಹಳಿ. ಬೆಂಕಿಪೊಟ್ಟಣದ ಗಾತ್ರದ ಮನೆಗಳ ಸಾಲು. ಹಿತ್ತಿಲಿನಲ್ಲಿ ಸಿಕ್ಕಿದ್ದ ನಿಜವಾದ ಕಲ್ಲಿದ್ದಲಿನ ಗುಡ್ಡೆ. ಎಲ್ಲೆಲ್ಲಿ ಏನಿತ್ತು ಎಂದು ನಿಧಿ ಬೇಲಿಯ ಹತ್ತಿರ ಹೋಗಿ ಕೇಳಿಕೊಂಡು ಬರುತ್ತಿದ್ದಳು: “ಅಮ್ಮ, ಚರ್ಚ್ ಹೊಳೆ ಕಡೆ. ಬೆಟ್ಟದ ಮೇಲೆ ಅಲ್ಲ. ಬೆಟ್ಟದ ಮೇಲೆ ಬಾಸ್ ಮನೆ.” ಶೂ ಡಬ್ಬದ ದೀಪದ ಮನೆ ಒಂದು ತುದಿಗೆ, ಅಲ್ಲಿಂದ ಮರಳಿನ ಓಣಿ, ಇನ್ನೊಂದು ತುದಿಗೆ ಕಪ್ಪು ಕಾಗದ ಅಂಟಿಸಿದ ಗಣಿಯ ಬಾಯಿ.

ಆಯುಧ ಪೂಜೆಯ ಸಂಜೆ. ನಮ್ಮ ಕಡೆ ಆ ದಿನ ಶಾಫ್ಟಿನ ಬಾಯಿಗೆ ಕುಂಬಳಕಾಯಿ ಒಡೆದು ಕರ್ಪೂರ ಬೆಳಗುತ್ತಿದ್ದರು. ಮನೆಯ ಗೊಂಬೆ ಗಣಿಯ ಬಾಯಿಗೆ ಅಪ್ಪ ಒಂದು ಹಣತೆ ಇಡುತ್ತಿದ್ದರು. ನಾನೂ ಇಟ್ಟೆ. ಪುಟ್ಟ ಹಿತ್ತಾಳೆ ದೀಪ, ಕಪ್ಪು ಕಾಗದದ ಮುಂದೆ ಬಲು ಚೆನ್ನಾಗಿ ಕಾಣುತ್ತಿತ್ತು. ಬೆಂಗಳೂರಿನಲ್ಲಿ ಅಣ್ಣನ ಮನೆಯಲ್ಲಿದ್ದ ಅಮ್ಮ, ಅಲ್ಲಿಯ ಮಾರನೇ ಬೆಳಗಿನ ಕಾಫಿ ಹಿಡಿದು ವಿಡಿಯೊದಲ್ಲಿ ಕೂತಿದ್ದಳು. ಫೋನನ್ನು ನಿಧಿ ಒಂದು ಸ್ಟೂಲಿನ ಮೇಲೆ ನಿಲ್ಲಿಸಿದ್ದಳು.

“ಥೇಟ್ ನಿಮ್ಮಪ್ಪನದೇ ಗಣಿ ಕಣೇ,” ಎಂದಳು ಅಮ್ಮ.

ಪ್ರಸನ್ನ, ಸುಮಾ ಡ್ರೈವ್‌ವೇನಲ್ಲಿ ನಿಂತು ನೋಡುತ್ತಿದ್ದರು. “ಮೈಸೂರಲ್ಲಿ ನಮ್ಮಮ್ಮ ಹೀಗೇ ಇಡ್ತಿದ್ರು. ಬೊಂಬೆ ಬಾಗಿನ ಇಸ್ಕೊಳ್ಳೋಕೆ ಮನೆ ಮನೆ ಅಲೀತಿದ್ವಿ,” ಎಂದರು ಪ್ರಸನ್ನ. ಮಾಸ್ಕಿನ ಮೇಲಿನ ಕಣ್ಣು ಸಣ್ಣ ಹುಡುಗನದಾಗಿತ್ತು. ಅಷ್ಟರಲ್ಲಿ ಭಾನುವಾರದ ನೀಲಿ ಹ್ಯಾಟು ಧರಿಸಿ, ಕೋಲೂರಿಕೊಂಡು ಮಿಸ್ ಲೊರೇನ್ ಬಂದರು. ಮೇಲಿನ ಮೆಟ್ಟಿಲಿನಿಂದ ಒಂದೊಂದೇ ನೋಡುತ್ತಾ, ರಾಜ ರಾಣಿಯ ಹತ್ತಿರ ಕೋಲು ತೋರಿಸಿ ನಿಧಿಯನ್ನು ಕೇಳಿದರು, “ಇವರು ಗಣಿಯ ಸೂಪರಿಂಟೆಂಡೆಂಟಾ?”

“ನೋ ಮ್ಯಾಮ್, ಕಿಂಗ್ ಅಂಡ್ ಕ್ವೀನ್.”

“ಅದನ್ನೇ ಕೇಳಿದ್ದು.”

ಎಲ್ಲರೂ ನಕ್ಕೆವು. ನಗುತ್ತಲೇ ಅವರು ನೆಲದ ಕಡೆ ತಿರುಗಿದರು. ಹೊಳೆ ನೋಡಿದರು, ಹಳಿ ನೋಡಿದರು, ದೀಪದ ಮನೆ ನೋಡಿ ತಲೆಯಾಡಿಸಿದರು. ಓಣಿಯುದ್ದಕ್ಕೂ ಅವರ ಕಣ್ಣು ನಡೆದುಕೊಂಡು ಹೋಗಿ ಗಣಿಯ ಬಾಯಿ ಮುಟ್ಟಿತು. ನಗು ನಿಂತಿತು. ಕೋಲನ್ನು ರಘು ಕೈಗೆ ಕೊಟ್ಟು, ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿದರು. ಮಾಸ್ಕು ಕೆಳಗೆ ಎಳೆದರು. ದೀಪ ಊದಿಬಿಟ್ಟರು.

ಬಿಳಿ ಹೊಗೆ ಕಪ್ಪು ಕಾಗದದ ಮೇಲೆ ಸುಳಿಯಿತು. ಪ್ರಸನ್ನ ಎರಡು ಹೆಜ್ಜೆ ಹಿಂದೆ ಹಾರಿದರು, ಮಾಸ್ಕು ತೆಗೆದದ್ದಕ್ಕೆ. ಸುಮಾ ಬಾಯಿಗೆ ಕೈ ಇಟ್ಟುಕೊಂಡರು, ಹಬ್ಬದ ದೀಪ ಆರಿದ್ದಕ್ಕೆ. ಫೋನಿನಿಂದ ಅಮ್ಮ, “ಅಯ್ಯೋ ರಾಮ! ಊದಿಬಿಟ್ರಲ್ಲೇ!” ಎಂದು ಕೂಗಿದಳು.

“ಅಲ್ಲಿ ಬೆಂಕಿ ಇಡಬಾರದು, ಹನಿ,” ಎಂದರು ಮಿಸ್ ಲೊರೇನ್. “ಎಲ್ಲಿ ಬೇಕಾದರೂ ಇಡು. ಅಲ್ಲಿ ಮಾತ್ರ ಬೇಡ.”

ನನಗೆ ಆಗ ಹೊಳೆಯಿತು. ನಮ್ಮದು ಚಿನ್ನದ ಗಣಿ. ಬಂಡೆ ಸಿಡಿಯುವ ಭಯವಿತ್ತು, ಗಾಳಿ ಹೊತ್ತಿಕೊಳ್ಳುವ ಭಯವಿರಲಿಲ್ಲ. ನಮ್ಮಜ್ಜ ಉರಿಯುವ ಕಾರ್ಬೈಡ್ ದೀಪವನ್ನು ಟೋಪಿಗೆ ಸಿಕ್ಕಿಸಿಕೊಂಡೇ ಇಳಿದವರು. ಕಲ್ಲಿದ್ದಲಿನ ಸಂದಿನಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ಗ್ಯಾಸು ಕೂತಿರುತ್ತದೆ. ಒಂದು ಕಿಡಿ ಸಾಕು. ಆರು ತಿಂಗಳು ದೀಪದ ಮನೆಯ ಮಾತು ಕೇಳಿದ್ದರೂ, ಅದು ಯಾಕೆ ಗಣಿಯ ಬಾಯಿಂದ ಅಷ್ಟು ದೂರವಿತ್ತು ಎಂದು ನಾನು ಕೇಳಿರಲೇ ಇಲ್ಲ.

ರಘು ಕುರ್ಚಿ ತಂದರು. ಮಿಸ್ ಲೊರೇನ್ ಮಾಸ್ಕು ಸರಿಮಾಡಿಕೊಂಡು ಕೂತು, ಕ್ಲಾಸಿಗೆ ಹೇಳುವ ಹಾಗೆ ನಿಧಿಗೆ ಹೇಳಿದರು. ದೀಪವನ್ನು ದೀಪದ ಮನೆಯಲ್ಲೇ ಹೊತ್ತಿಸುತ್ತಿದ್ದರು. ಉರಿಯ ಸುತ್ತ ಗಾಜು, ಮೇಲೆ ತಂತಿಯ ಜಾಲರಿ, ಅದಕ್ಕೆ ಬೀಗ. ಬೀಗದ ಕೈ ದೀಪದ ಮನೆಯವರಲ್ಲೇ. ಇಳಿಯುವವರ ಜೇಬು ತಡವಿ, ಬೆಂಕಿಪೊಟ್ಟಣ ಇದ್ದರೆ ತೆಗೆದಿಟ್ಟುಕೊಳ್ಳುತ್ತಿದ್ದರು. ಆಮೇಲೆ ದೀಪ ಕೈಗೆ.

“ನಮ್ಮ ಅಜ್ಜಿ ಗಾಜು ಒರೆಸಿ, ಅಜ್ಜನ ದೀಪವನ್ನ ಮಾತ್ರ ತಾನೇ ಅವನ ಕೈಗೆ ಕೊಡ್ತಿದ್ದಳು. ದಿನಾ ಒಂದೇ ಮಾತು: ‘ಇದನ್ನ ನನಗೆ ವಾಪಸ್ ತಂದ್ಕೊಡು.’ ಒಂದು ದಿನ ಒಳಗೆ ಹೊತ್ತಿಕೊಂಡಿತು. ಎಲ್ಲಿ, ಹೇಗೆ, ಯಾರಿಗೂ ಗೊತ್ತಾಗಲಿಲ್ಲ. ದೀಪ ವಾಪಸ್ ಬಂತು, ಬೇರೆ ಯಾರದೋ ಕೈಯಲ್ಲಿ. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಅಂದರೆ ಅವನ ದೀಪದಿಂದ ಅಲ್ಲ. ಅಜ್ಜಿ ಅದರ ಗಾಜು ಒರೆಸಿ ಮೊಳೆಗೆ ತಗುಲಿಹಾಕಿದಳಂತೆ. ಸಾಯೋವರೆಗೂ ಅದೊಂದು ಮಾತು ಹೇಳ್ತಿದ್ದಳು, ‘ಬೀಗ ಸರಿಯಾಗಿತ್ತು.’”

ಫೋನಿನೊಳಗಿಂದ ಅಮ್ಮ ಮೆಲ್ಲಗೆ, “ಏನಂದರೇ?” ಎಂದಳು. ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ ಲೋಟ ಕೆಳಗಿಟ್ಟ ಸದ್ದಾಯಿತು.

“ಹಾಗಾದ್ರೆ ಊದಿದ್ದೇ ಸರಿ. ಅವರಿಗೆ ಹೇಳು, ನಾನಾಗಿದ್ರೂ ಊದ್ತಿದ್ದೆ. ದೀಪ ಎಲ್ಲಿಡಬೇಕು ಅಂತ ಅವರನ್ನೇ ಕೇಳು. ಹಬ್ಬದ ದಿನ ಕತ್ತಲೆ ಬೇಡ.”

ಮಿಸ್ ಲೊರೇನ್ ಕೋಲಿನಿಂದ ಶೂ ಡಬ್ಬ ತೋರಿಸಿದರು. ನಿಧಿ ಅಡುಗೆ ಮನೆಗೆ ಓಡಿ ಅಗಲ ಬಾಯಿಯ ಗಾಜಿನ ಬರಣಿ ತಂದಳು. ಡಬ್ಬವನ್ನು ಸರಿಸಿ, ಅದೇ ಜಾಗದಲ್ಲಿ ದೀಪವನ್ನು ಬರಣಿಯೊಳಗೆ ಇಳಿಸಿದೆ. ಹಚ್ಚಲು ಬಗ್ಗಿದವರು ಪ್ರಸನ್ನ. ಉದ್ದನೆಯ ಲೈಟರ್ ಅವರ ಕೈಯಲ್ಲಿ ಸ್ವಲ್ಪ ಹೊತ್ತು ಹೊತ್ತಿಕೊಳ್ಳಲೇ ಇಲ್ಲ. ಹೊತ್ತಿಕೊಂಡ ಮೇಲೆ ಓಣಿಯ ಕಡೆ ನೋಡುತ್ತಾ ಕೇಳಿದರು, “ಆಂಟಿ, ಇದರಲ್ಲಿ ನಮ್ಮ ಮನೆ ಎಲ್ಲಿ ಬರತ್ತೆ?”

ನಾನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಮಿಸ್ ಲೊರೇನ್‌ಗೆ ಅರ್ಥವಾಗಿತ್ತು. ಕೋಲಿನ ತುದಿ ಓಣಿಯ ಮೂಲೆಗೆ ಬಂತು. “ಇಲ್ಲಿ. ಗಣಿಯ ಹೇಸರಗತ್ತೆಗಳನ್ನ ಕಟ್ಟುತ್ತಿದ್ದ ಕೊಟ್ಟಿಗೆ.”

“ರೀ, ಅದಕ್ಕೇ ನೋಡಿ,” ಎಂದರು ಸುಮಾ, “ಗೊತ್ತಿಲ್ಲದೇನೇ ಸರಿಯಾದ ಜಾಗಕ್ಕೆ ಬಂದು ಸೇರ್ಕೊಂಡಿದ್ದೀರ.”

ಮೊದಲು ನಕ್ಕದ್ದು ಪ್ರಸನ್ನ. ಮಿಸ್ ಲೊರೇನ್‌ಗೆ ಅನುವಾದ ಮಾಡಿ ಹೇಳಿದಾಗ ಅವರು ಹ್ಯಾಟು ಬೀಳುವಷ್ಟು ನಕ್ಕರು. ಹೊರಡುವಾಗ ನಾನು ಕೊಟ್ಟ ಕಡಲೆಕಾಳು ಉಸಲಿಯ ಪೊಟ್ಟಣ ಹಿಡಿದು, “ಇದರ ನೀರು ಏನು ಮಾಡಿದೆ?” ಎಂದು ಕೇಳುವುದನ್ನು ಮರೆಯಲಿಲ್ಲ. ಸಾರು ಮಾಡಿದ್ದೆ.

ತಿಂಗಳ ಕೊನೆಯ ಮೀಟಿಂಗಿನಲ್ಲಿ ನನಗೆ ಮಾತಾಡುವ ಅಗತ್ಯವೇ ಬೀಳಲಿಲ್ಲ. ಪ್ರೆಸಿಡೆಂಟ್ ಪ್ರಸನ್ನ ಎಲ್ಲಕ್ಕಿಂತ ಮೊದಲು, ಈ ಓಣಿಗೆ ಆಗಲೇ ಒಂದು ಹೆಸರಿದೆ, ಹೊಸದು ಹುಡುಕುತ್ತಿದ್ದದ್ದು ತನ್ನ ತಪ್ಪು ಎಂದರು. ಗುಬ್ಬಚ್ಚಿಯವರು ಸ್ವಲ್ಪ ಗೊಣಗಿದರು. ಉಳಿದವರು ಕೈ ಎತ್ತಿದರು. ಈಜಿಪ್ಟ್ ಎಂಬ ಹೆಸರೂ ಎಲ್ಲಾದರೂ ಬರಲಿ ಎಂದು ನಾನು ಆಮೇಲೆ ಒಂದೆರಡು ಸಲ ಎತ್ತಿನೋಡಿದೆ, ಅದಾಗಲಿಲ್ಲ. ನಮ್ಮ ಸಬ್‌ಡಿವಿಷನ್ನಿಗೆ ಇವತ್ತಿಗೂ ಅಲ್ಲಿಲ್ಲದ ಯಾವುದೋ ಸರೋವರದ ಹೆಸರಿದೆ.

ಮುಂದಿನ ವಸಂತದಲ್ಲಿ ಹಸಿರು ಬೋರ್ಡು ಬಂತು. ಅದನ್ನು ನೆಟ್ಟವರು ಹೋದ ಮೇಲೆ ಮಿಸ್ ಲೊರೇನ್ ಒಂದು ಮೆತ್ತನೆಯ ಹಳೆಯ ಹತ್ತಿ ಬಟ್ಟೆ ಹಿಡಿದು ಬಂದು, ರಘುವಿಗೆ ಏಣಿ ತರಲು ಹೇಳಿದರು.

“ಮ್ಯಾಮ್, ಇವತ್ತು ತಾನೇ ಹಾಕಿದ್ದಾರೆ, ಕೊಳೆ ಏನೂ ಇಲ್ಲ,” ಎಂದರು ರಘು.

“ನಿನ್ನನ್ನ ಕೊಳೆ ಇದೆಯಾ ಅಂತ ಕೇಳಿದೆನಾ?”

ರಘು ಏಣಿ ಹತ್ತಿ ಎರಡೂ ಬದಿ ಒರೆಸಿದರು. ಕೆಳಗೆ ನಿಂತು ಅವರು, “ಆ ಮೂಲೆ. ಇನ್ನೊಂದು ಸಲ,” ಎನ್ನುತ್ತಿದ್ದರು.

ಆ ಬೇಸಿಗೆಯಲ್ಲೇ ರಘು ಅವರ ಕೆಲಸ ಅಟ್ಲಾಂಟಾ ಕಡೆಗೆ ಬಂತು, ನಾವು ಜಾನ್ಸ್ ಕ್ರೀಕಿಗೆ ಬಂದೆವು. ಮಿಸ್ ಲೊರೇನ್ ಇದ್ದಾರೆ. ಭಾನುವಾರ ಚರ್ಚ್ ಮುಗಿಸಿ ಫೋನ್ ಮಾಡುತ್ತಾರೆ. ಈಗ ಪಾರ್ಸಲ್ಲಿನವರೂ ತನ್ನ ಮನೆ ಕೇಳದೆಯೇ ಕಂಡುಹಿಡಿಯುತ್ತಾರೆ, ಪ್ರಸನ್ನ ಬಂದು ತನ್ನ ಅಂಗಳದ ಹುಲ್ಲು ಕತ್ತರಿಸಿ ಕೊಡುತ್ತಾನೆ, ಆದರೂ ಹೇಸರಗತ್ತೆ ಎಂದು ಅವನನ್ನು ರೇಗಿಸುವುದನ್ನು ತಾನು ಬಿಟ್ಟಿಲ್ಲ ಎನ್ನುತ್ತಾರೆ. ಇಲ್ಲಿಯೂ ಪ್ರತಿ ವರ್ಷ ಗೊಂಬೆಯ ಮುಂದೆ ನಾವು ಈಜಿಪ್ಟ್ ಮಾಡುತ್ತೇವೆ. ಗಣಿಯ ಬಾಯಿಗೆ ದೀಪವಿಡುವುದಿಲ್ಲ.

ಕಳೆದ ದಸರಾದ ಆ ಸಂಜೆ, ಊದಿದ ದೀಪವನ್ನು ನಾನು ಮತ್ತೆ ಹಚ್ಚುವಷ್ಟರಲ್ಲಿ ಪುಟಾಣಿ ಪ್ರಿಶಾ ಅಳು ಮರೆತು ನೆಲದ ಮೇಲೆ ಮೊಣಕಾಲೂರಿ ಕೂತಿತ್ತು. ಕಪ್ಪು ಕಾಗದದ ತೂತಿಗೆ ಬೆರಳಿಟ್ಟು, “ಇಲ್ಲಿ ಯಾಕೆ ಡಾರ್ಕ್?” ಎಂದಿತು. ಕಾಲೇಜಿನಿಂದ ಹಬ್ಬಕ್ಕೆ ಬಂದಿದ್ದ ನಿಧಿ ಅದರ ಪಕ್ಕ ಕೂತಳು. ಅವಳ ಕನ್ನಡ ಈಗಲೂ ಹಾಗೇ, ಒಂದೊಂದು ಪದವನ್ನೂ ಹುಡುಕಿ ಇಡುವ ಕನ್ನಡ.

“ಒಳಗೆ ಹೋಗಬೇಕಾ? ಫಸ್ಟ್ ಜೇಬು ತೋರಿಸು.”

ಪ್ರಿಶಾ ಲಂಗದ ಜೇಬನ್ನು ಒಳಗು ಹೊರಗು ಮಾಡಿತು. ಅರ್ಧ ಬಿಸ್ಕತ್ತು, ಒಂದು ಮಣಿ. ನಿಧಿ ಗಂಭೀರವಾಗಿ ಎರಡನ್ನೂ ತೆಗೆದಿಟ್ಟುಕೊಂಡಳು. ಬ್ಯಾಟರಿಯ ಪುಟ್ಟ ದೀಪವೊಂದನ್ನು ತನ್ನ ದುಪಟ್ಟಾದ ತುದಿಯಿಂದ ಒರೆಸಿ, ಮಗುವಿನ ಎರಡೂ ಕೈಗಳ ನಡುವೆ ಇಟ್ಟಳು. ಇಟ್ಟ ಮೇಲೂ ತಕ್ಷಣ ಕೈ ಬಿಡಲಿಲ್ಲ.

“ಇದನ್ನ ನನಗೆ ವಾಪಸ್ ತಂದ್ಕೊಡು. ಆಯ್ತಾ?”

“ಆಯ್ತು,” ಎಂದು ಪ್ರಿಶಾ ದೀಪ ಹಿಡಿದು ಗೊಂಬೆ ಮೆಟ್ಟಿಲಿನ ಹಿಂದಿನ ಕತ್ತಲೆಗೆ ನುಗ್ಗಿತು. ಬೆಡ್‌ಶೀಟಿನ ಹಿಂದೆ ಬೆಳಕು ಆ ಕಡೆ ಈ ಕಡೆ ಓಡಾಡುವುದು ಕಾಣುತ್ತಿತ್ತು. ನಾನೂ, ಆ ಮಗುವಿನ ತಾಯಿಯೂ, ನಿಧಿಯೂ ಯಾಕೋ ಸುಮ್ಮನೆ ನಿಂತು ಕಾದೆವು. ಸ್ವಲ್ಪ ಹೊತ್ತಿಗೆ ಆಚೆ ತುದಿಯಿಂದ ಪ್ರಿಶಾ ಹೊರಗೆ ಬಂದು, ದೀಪವನ್ನು ನಿಧಿಯ ಕೈಗಿಟ್ಟು, ತನ್ನ ಬಿಸ್ಕತ್ತು ಕೇಳಿತು.